ಹಳೆಯ ಟ್ರಾಕ್ಟರು: ರಿಪೇರಿ ಮಾಡಿಸುವುದೋ, ಬದಲಾಯಿಸುವುದೋ?



ಸುಗ್ಗಿ ಮುಗಿದು, ಕಾಳು ಮನೆಗೆ ಬಂದು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲದಲ್ಲಿ ಅನೇಕ ಮನೆಗಳಲ್ಲಿ ಒಂದು ಚರ್ಚೆ ಏಳುತ್ತದೆ. ಕೊಟ್ಟಿಗೆಯ ಪಕ್ಕದಲ್ಲಿ ನಿಂತಿರುವ ಹಳೆಯ ಟ್ರಾಕ್ಟರಿಗೆ ಈ ವರ್ಷವೂ ರಿಪೇರಿ ಮಾಡಿಸಬೇಕೇ, ಇಲ್ಲ ಅದನ್ನು ಕೊಟ್ಟು ಹೊಸದು ತರಬೇಕೇ ಎಂಬುದೇ ಆ ಚರ್ಚೆ. ಮಗ ಹೊಸದು ಬೇಕೆನ್ನುತ್ತಾನೆ. ತಂದೆ "ಇನ್ನೂ ಓಡ್ತಾ ಇದೆಯಲ್ಲಪ್ಪಾ" ಎನ್ನುತ್ತಾರೆ. ಮೆಕ್ಯಾನಿಕ್ಕು ಎಂಜಿನು ಬಿಚ್ಚೋಣ ಎನ್ನುತ್ತಾನೆ. ಮಾರುವ ಅಂಗಡಿಯವರು ಹಳೆಯದನ್ನು ಬಿಟ್ಟು ಹೊಸದನ್ನು ಒಯ್ಯಿರಿ ಎನ್ನುತ್ತಾರೆ. ಎಲ್ಲರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಸಾಲದ ಕಾಗದಕ್ಕೆ ಸಹಿ ಹಾಕುವವರು ಮಾತ್ರ ನೀವು. ಆದಕಾರಣ ಲೆಕ್ಕವೂ ನಿಮ್ಮದೇ ಆಗಿರಬೇಕು.

ಈ ಲೆಕ್ಕವನ್ನು ಹಾಕುವುದು ಹೇಗೆಂಬುದನ್ನು ಈಗ ನೋಡೋಣ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಟ್ರಾಕ್ಟರಿಗೆ ಎಷ್ಟು ವರ್ಷವಾಯಿತು ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ. ಹೋದ ತಿಂಗಳ ರಿಪೇರಿ ಬಿಲ್ಲು ಎಷ್ಟು ದೊಡ್ಡದು ಎಂಬುದರಿಂದಲೂ ಆಗುವುದಿಲ್ಲ. ಪಕ್ಕದ ಮನೆಗೆ ಹೊಸದು ಬಂತು ಎಂಬುದರಿಂದಂತೂ ಆಗಲೇಬಾರದು. ಕೇಳಬೇಕಾದ ಪ್ರಶ್ನೆ ಇದು: ಮುಂದಿನ ಒಂದು ವರ್ಷ ಈ ಟ್ರಾಕ್ಟರನ್ನು ಇಟ್ಟುಕೊಂಡರೆ ನಮಗೆ ಬೀಳುವ ಖರ್ಚೆಷ್ಟು, ಹೊಸದನ್ನು ತಂದರೆ ವರ್ಷಕ್ಕೆ ಬೀಳುವ ಖರ್ಚೆಷ್ಟು?

ಎತ್ತು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಜಾತ್ರೆಯಲ್ಲಿ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಆಮೇಲೆ ನಡೆಸಿ ನೋಡುತ್ತೇವೆ. ನೊಗ ಹೂಡಿ ನೋಡಿದ ಮೇಲೆ ಬೆಲೆಯ ಮಾತು. ಟ್ರಾಕ್ಟರಿಗೂ ಹಲ್ಲು ಇದೆ. ಅದೇ ಗಂಟೆಯ ಮೀಟರು. ಟ್ರಾಕ್ಟರಿನ ವಯಸ್ಸನ್ನು ವರ್ಷದಲ್ಲಿ ಎಣಿಸುವುದಕ್ಕಿಂತ ದುಡಿದ ಗಂಟೆಯಲ್ಲಿ ಎಣಿಸುವುದು ಸರಿ. ಖರ್ಚಿನ ಲೆಕ್ಕ ಹಾಕುವ ಎಂಜಿನಿಯರುಗಳು ಟ್ರಾಕ್ಟರಿನ ಬಾಳಿಕೆಯನ್ನು ಸಾಮಾನ್ಯವಾಗಿ 10,000 ಗಂಟೆ ಎಂದು ಹಿಡಿಯುತ್ತಾರೆ. ವರ್ಷಕ್ಕೆ 1,000 ಗಂಟೆ ದುಡಿದರೆ ಅದು 10 ವರ್ಷಕ್ಕೆ ಮುಗಿಯಿತು. ವರ್ಷಕ್ಕೆ 350 ಗಂಟೆ ಮಾತ್ರ ದುಡಿಯುವ ಮನೆಯಲ್ಲಿ 16 ವರ್ಷಕ್ಕೆ 5,600 ಗಂಟೆಯಷ್ಟೇ ಆಗಿರುತ್ತದೆ. ಹೊರಗಿನ ಬಣ್ಣ ಹೋಗಿರಬಹುದು. ಒಳಗೆ ಇನ್ನೂ ಅರ್ಧ ಆಯುಸ್ಸು ಉಳಿದಿರಬಹುದು.

ಇಲ್ಲಿ ಎರಡು ಎಚ್ಚರಿಕೆ. ಹಳೆಯ ಟ್ರಾಕ್ಟರುಗಳ ಮೀಟರು ಎಂಜಿನಿನ ಸುತ್ತುಗಳನ್ನು ಎಣಿಸಿ ಗಂಟೆ ತೋರಿಸುತ್ತದೆ. ಕಂಪನಿ ಗೊತ್ತುಮಾಡಿದ ವೇಗದಲ್ಲಿ ಓಡಿದಾಗ ಮಾತ್ರ ಮೀಟರಿನ ಗಂಟೆಯೂ ಗೋಡೆ ಗಡಿಯಾರದ ಗಂಟೆಯೂ ಒಂದಾಗುತ್ತವೆ. ನಿಧಾನ ಓಡಿಸಿದರೆ ಮೀಟರು ಕಡಮೆ ತೋರಿಸುತ್ತದೆ. ಎರಡನೆಯದು, ಎಲ್ಲಾ ಗಂಟೆಗಳೂ ಒಂದೇ ಅಲ್ಲ. ಸಿಂಧನೂರು, ಗಂಗಾವತಿಯ ಕಡೆ ಗದ್ದೆಯಲ್ಲಿ ಕಬ್ಬಿಣದ ಚಕ್ರ ಕಟ್ಟಿ ಕೆಸರು ಕಲಸುವ ಟ್ರಾಕ್ಟರಿಗೆ ಅಚ್ಚಿನ ಸೀಲುಗಳ ಮೂಲಕ ಕೆಸರುನೀರು ಒಳಗೆ ನುಗ್ಗುತ್ತದೆ. ಬೇರಿಂಗು ಬೇಗ ಸವೆಯುತ್ತದೆ. ಧಾರವಾಡ, ಗದಗದ ಎರೆ ಹೊಲದಲ್ಲಿ ಆಳವಾಗಿ ನೇಗಿಲು ಹೊಡೆಯುವ ಟ್ರಾಕ್ಟರಿಗೆ ಕ್ಲಚ್ಚು, ಗೇರುಗಳ ಮೇಲೆ ಭಾರ ಹೆಚ್ಚು. ಹಗುರ ಕೆಂಪು ಮಣ್ಣಿನಲ್ಲಿ ಕುಂಟೆ ಹೊಡೆದ ಗಂಟೆ ಇವೆರಡಕ್ಕೂ ಸಮವಲ್ಲ.

"ಸರ್ಕಾರವೇ ಹಳೆ ಟ್ರಾಕ್ಟರು ಗುಜರಿಗೆ ಹಾಕಿಸುತ್ತಂತೆ, ಹೌದೇ?" ಎಂದು ಹಲವರು ಕೇಳುತ್ತಾರೆ. ಹಳೆಯ ವಾಹನಗಳ ವಿಲೇವಾರಿ ನೀತಿ 2021ರಲ್ಲಿ ಬಂದ ಮೇಲೆ ಈ ಮಾತು ಊರೂರು ತಿರುಗಿತು. ಬೇಸಾಯದ ಟ್ರಾಕ್ಟರಿಗೆ ಮೊದಲ ನೋಂದಣಿ 15 ವರ್ಷಕ್ಕೆ ಸಿಗುತ್ತದೆ. ಆಮೇಲೆ ಗಾಡಿ ಯೋಗ್ಯವಾಗಿದೆ ಎಂದು ಕಂಡುಬಂದರೆ ಐದೈದು ವರ್ಷಕ್ಕೆ ನೋಂದಣಿ ಮುಂದುವರಿಸಿಕೊಳ್ಳಬಹುದು. ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಒಡೆಯಬೇಕೆಂಬ ಕಟ್ಟಲೆ ನಮ್ಮ ಬೇಸಾಯದ ಟ್ರಾಕ್ಟರಿಗೆ ಇಲ್ಲ. ಇಂಥ ಗಾಳಿಮಾತಿಗೆ ಹೆದರಿ ಯಾರೂ ಸಿಕ್ಕ ಬೆಲೆಗೆ ಮಾರಿಕೊಳ್ಳಬಾರದು. ಆದರೆ 15 ವರ್ಷ ತುಂಬುವ ಮುಂಚೆಯೇ ಪುಸ್ತಕ ನೋಡಿ, ನವೀಕರಣದ ಕೆಲಸ ಮಾಡಿಸಿಕೊಳ್ಳಿ.

ಹಲ್ಲು ನೋಡಿದ್ದಾಯಿತು, ಇನ್ನು ನಡೆಸಿ ನೋಡೋಣ. ಟ್ರಾಕ್ಟರಿನ ಕಾಯಿಲೆಯಲ್ಲಿ ಎರಡು ಬಗೆ. ಒಂದು ಜ್ವರ, ಇನ್ನೊಂದು ಮುಪ್ಪು. ಜ್ವರಕ್ಕೆ ಔಷಧಿ ಉಂಟು. ಮುಪ್ಪಿಗೆ ಔಷಧಿ ದುಬಾರಿ. ಜ್ವರವನ್ನು ಮುಪ್ಪೆಂದು ತಿಳಿದು ಒಳ್ಳೆಯ ಟ್ರಾಕ್ಟರನ್ನು ಮಾರುವವರೂ ಇದ್ದಾರೆ, ಮುಪ್ಪನ್ನು ಜ್ವರವೆಂದು ತಿಳಿದು ಹಣ ಸುರಿಯುವವರೂ ಇದ್ದಾರೆ.

ಮೊದಲು ಹೊಗೆಯನ್ನು ನೋಡಿ. ಭಾರ ಎಳೆಯುವಾಗ ಕಡುಕಪ್ಪು ಹೊಗೆ ಬಂದರೆ ಎಂಜಿನಿಗೆ ಗಾಳಿ ಸಾಲದು, ಇಲ್ಲವೇ ಡೀಸೆಲ್ ಹೆಚ್ಚು ಬೀಳುತ್ತಿದೆ ಎಂದರ್ಥ. ಅನೇಕ ಸಲ ಗಾಳಿಶೋಧಕದಲ್ಲಿ ಧೂಳು ತುಂಬಿರುವುದೇ ಕಾರಣ. ಅದನ್ನು ತೊಳೆದು, ಇಂಜೆಕ್ಟರು ಪರೀಕ್ಷೆ ಮಾಡಿಸಿದರೆ ಹೊಗೆ ನಿಲ್ಲುತ್ತದೆ. ಇದು ಜ್ವರ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗು, ಲೈನರು, ಇಲ್ಲವೇ ವಾಲ್ವಿನ ಗೈಡು ಸವೆದಿದೆ. ಬಿಳಿ ಹೊಗೆ ಚಳಿಗಾಲದ ಬೆಳಗ್ಗೆ ಸ್ವಲ್ಪ ಹೊತ್ತು ಬಂದರೆ ಚಿಂತೆಯಿಲ್ಲ. ಎಂಜಿನು ಬಿಸಿಯಾದ ಮೇಲೂ ಬರುತ್ತಿದ್ದರೆ ಒಳಗೆ ನೀರು ಸೇರುತ್ತಿರಬಹುದು ಅಥವಾ ಡೀಸೆಲ್ ಪೂರ್ತಿ ಉರಿಯದೆ ಹೊರಬರುತ್ತಿರಬಹುದು.

ಆಮೇಲೆ ಆಯಿಲ್ ಕಡ್ಡಿಯನ್ನು ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಬೆರೆತಿದೆ. ಆಯಿಲ್ ಹಾಕದೆ ಇದ್ದರೂ ಮಟ್ಟ ಏರಿದ್ದರೆ ನೀರೋ ಡೀಸೆಲ್ಲೋ ಅದಕ್ಕೆ ಸೇರಿದೆ. ಇವೆರಡರಲ್ಲಿ ಯಾವುದು ಕಂಡರೂ ಆ ದಿನ ಎಂಜಿನು ಓಡಿಸಕೂಡದು. ಇನ್ನು ಎಂಜಿನು ನಡೆಯುತ್ತಿರುವಾಗ ಆಯಿಲ್ ಹಾಕುವ ಬಾಯಿಯಿಂದಲೋ ಉಸಿರುಕೊಳವೆಯಿಂದಲೋ ಬುಸುಬುಸು ಹೊಗೆ ಬಂದರೆ ರಿಂಗು, ಲೈನರು ಸವೆದು ಹಬೆ ಕೆಳಗಿಳಿಯುತ್ತಿದೆ ಎಂದು ತಿಳಿಯಬೇಕು.

ಮೂರನೆಯದು ಡೀಸೆಲ್ ಪರೀಕ್ಷೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಸಮತಟ್ಟಾದ ಜಾಗದಲ್ಲಿ ಟ್ರಾಕ್ಟರು ನಿಲ್ಲಿಸಿ ಟ್ಯಾಂಕಿನ ಬಾಯಿಯವರೆಗೆ ಡೀಸೆಲ್ ತುಂಬಿಸಿ. ಒಂದು ಎಕರೆ ಉತ್ತು ಬನ್ನಿ. ಅದೇ ಜಾಗದಲ್ಲಿ ನಿಲ್ಲಿಸಿ, ಅಳತೆಯ ಪಾತ್ರೆಯಿಂದ ಮತ್ತೆ ಬಾಯಿಯವರೆಗೆ ತುಂಬಿಸಿ. ಹಾಕಿದಷ್ಟೇ ಒಂದು ಎಕರೆಯ ಖರ್ಚು. ಅದೇ ಹೊಲ, ಅದೇ ನೇಗಿಲು, ಅದೇ ಹದದಲ್ಲಿ ಅದೇ ಶಕ್ತಿಯ ಇನ್ನೊಬ್ಬರ ಟ್ರಾಕ್ಟರಿನಿಂದಲೂ ಒಂದು ಎಕರೆ ಉಳಿಸಿ ನೋಡಿದರೆ ನಿಮ್ಮದು ಎಷ್ಟು ಹೆಚ್ಚು ಕುಡಿಯುತ್ತದೆ ಎಂಬುದು ಕೈಯಲ್ಲಿಟ್ಟಂತೆ ತಿಳಿಯುತ್ತದೆ.

ನಾಲ್ಕನೆಯದು ಬೆನ್ನುಮೂಳೆ. ಲಾರಿಗೆ ಇರುವಂತೆ ನಮ್ಮ ಸಾಮಾನ್ಯ ಟ್ರಾಕ್ಟರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ಎಂಜಿನು, ಕ್ಲಚ್ಚಿನ ಮನೆ, ಗೇರುಪೆಟ್ಟಿಗೆ, ಹಿಂದಿನ ಅಚ್ಚಿನ ಮನೆ ಇವೇ ಒಂದಕ್ಕೊಂದು ಬೋಲ್ಟಿನಿಂದ ಕೂಡಿ ಬೆನ್ನಾಗಿ ನಿಂತಿವೆ. ಇವುಗಳಲ್ಲಿ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಅದು ದೊಡ್ಡ ಕಾಯಿಲೆ. ಎರಕದ ಕಬ್ಬಿಣಕ್ಕೆ ಬೆಸುಗೆ ಹಾಕಿದರೂ ಮೊದಲಿನ ಬಲ ಬರುವುದು ಕಷ್ಟ. ಗೇರುಪೆಟ್ಟಿಗೆಯ ಎಣ್ಣೆ ಇಳಿಸುವಾಗ ಕಬ್ಬಿಣದ ಚೂರುಗಳು ಬಂದರೆ ಗೇರಿನ ಹಲ್ಲು ಮುರಿಯುತ್ತಿದೆ. ಎಂಜಿನು ಬಿಚ್ಚಿದಾಗ ಕ್ರ್ಯಾಂಕನ್ನು ಹಿಂದೆ ಎಷ್ಟು ಸಲ ಸಾಣೆ ಹಿಡಿಸಲಾಗಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಒಂದೊಂದು ಸಲ ಸಾಣೆ ಹಿಡಿದಾಗಲೂ ಅದು ತೆಳುವಾಗುತ್ತದೆ. ಇಷ್ಟೇ ಸಲ ಎಂಬ ಮಿತಿ ಉಂಟು. ಮಿತಿ ಮುಗಿದಿದ್ದರೆ ಹೊಸ ಕ್ರ್ಯಾಂಕಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಈಗ ಲೆಕ್ಕಕ್ಕೆ ಬರೋಣ. ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಓದು ಬಲ್ಲ ಮಕ್ಕಳನ್ನು ಜೊತೆಯಲ್ಲಿ ಕೂರಿಸಿಕೊಳ್ಳಿ. ಇಲ್ಲಿ ಹೇಳುವ ಅಂಕಿಗಳು ಕೇವಲ ಉದಾಹರಣೆಗೆ. ನಿಮ್ಮೂರಿನ ದರಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು. ಎರಡು ಟ್ರಾಕ್ಟರಿಗೂ ಸಮನಾಗಿ ಬೀಳುವ ಡೀಸೆಲ್ಲನ್ನೂ ಡ್ರೈವರ್ ಕೂಲಿಯನ್ನೂ ಬಿಟ್ಟಿದ್ದೇವೆ.

ಒಂದು ಮನೆಯಲ್ಲಿ 16 ವರ್ಷದ ಟ್ರಾಕ್ಟರಿದೆ. ವರ್ಷಕ್ಕೆ 350 ಗಂಟೆ ಕೆಲಸ. ಎಂಜಿನು ಬಿಚ್ಚಬೇಕು, ಅದಕ್ಕೆ 80,000 ರೂಪಾಯಿ ಆಗುತ್ತದೆ ಎಂದು ಮೆಕ್ಯಾನಿಕ್ಕು ಹೇಳಿದ್ದಾನೆ. ಈ ರಿಪೇರಿ ಇನ್ನು 2,000 ಗಂಟೆ ಬಾಳುತ್ತದೆ ಎಂದು ಹಿಡಿಯೋಣ. ಅಲ್ಲಿಗೆ ಗಂಟೆಗೆ 40 ರೂಪಾಯಿ ಬಿತ್ತು. ಬಡ್ಡಿ ನೂರಕ್ಕೆ 10, ಡೀಸೆಲ್ ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ.

ಹಳೆಯದನ್ನು ಇಟ್ಟುಕೊಂಡರೆ ಒಂದು ವರ್ಷದ ಖರ್ಚು ಹೀಗೆ:

ಇಂದು ಮಾರಿದರೆ 1,60,000, ಒಂದು ವರ್ಷ ಬಿಟ್ಟು ಮಾರಿದರೆ 1,45,000. ಬೆಲೆಯಲ್ಲಿ ಇಳಿತ: 15,000.
ಆ 1,60,000 ಕೈಯಲ್ಲಿದ್ದಿದ್ದರೆ ಬರುತ್ತಿದ್ದ ಬಡ್ಡಿ: 16,000.
ಎಂಜಿನು ರಿಪೇರಿಗೆ ಹಾಕಿದ ಹಣದ ಬಡ್ಡಿ, ಸರಾಸರಿ: 4,000.
ಎಂಜಿನು ರಿಪೇರಿಯ ಪಾಲು, 350 ಗಂಟೆಗೆ 40ರಂತೆ: 14,000.
ಬೇರೆ ಸಣ್ಣಪುಟ್ಟ ರಿಪೇರಿ, ಗಂಟೆಗೆ 70ರಂತೆ: 24,500.
ಹೊಸದಕ್ಕಿಂತ ಗಂಟೆಗೆ ಅರ್ಧ ಲೀಟರು ಹೆಚ್ಚು ಕುಡಿಯುವ ಡೀಸೆಲ್: 15,750.
ಕೆಟ್ಟು ನಿಂತ ದಿನ ಬಾಡಿಗೆ ಟ್ರಾಕ್ಟರಿಗೆ: 10,000.
ಒಟ್ಟು 99,250 ರೂಪಾಯಿ.

ಹೊಸದನ್ನು ತಂದರೆ:

ಬೆಲೆ 6,80,000, ಹತ್ತು ವರ್ಷಕ್ಕೆ ಮಾರಿದರೆ 2,00,000 ಬಂದೀತು. ವರ್ಷಕ್ಕೆ ಇಳಿತ: 48,000.
ಸರಾಸರಿ 4,40,000ಕ್ಕೆ ಬಡ್ಡಿ: 44,000.
ವಿಮೆಗೆ ಹಳೆಯದಕ್ಕಿಂತ ಹೆಚ್ಚಾಗಿ ಬೀಳುವುದು: 8,000.
ಸರ್ವೀಸು, ರಿಪೇರಿ, ಗಂಟೆಗೆ 40ರಂತೆ: 14,000.
ಒಟ್ಟು 1,14,000 ರೂಪಾಯಿ.

ಎಂದರೆ ಈ ಮನೆಗೆ 80,000 ರೂಪಾಯಿ ಕೊಟ್ಟು ಎಂಜಿನು ಬಿಚ್ಚಿಸಿದರೂ ಹಳೆಯದೇ ವರ್ಷಕ್ಕೆ 14,750 ರೂಪಾಯಿ ಅಗ್ಗ. "ಎಂಬತ್ತು ಸಾವಿರವೇ!" ಎಂದು ಎದೆ ಝಲ್ಲೆಂದಿದ್ದು ನಿಜ. ಆದರೆ ಆ ಬೆದರಿಕೆಗೆ ಏಳು ಲಕ್ಷದ ಹತ್ತಿರದ ಸಾಲ ತೆಗೆದಿದ್ದರೆ ಏನಾಗುತ್ತಿತ್ತು ನೋಡಿ.

ಅದೇ ಟ್ರಾಕ್ಟರು ಇನ್ನೊಂದು ಮನೆಯಲ್ಲಿದೆ ಎನ್ನಿ. ಅವರು ಸ್ವಂತ ಹೊಲದ ಜೊತೆಗೆ ಊರವರ ಹೊಲವನ್ನೂ ಉಳುತ್ತಾರೆ. ವರ್ಷಕ್ಕೆ 800 ಗಂಟೆ. ಬೆಲೆಯ ಇಳಿತ, ಬಡ್ಡಿಗಳು ಸೇರಿ ಮೊದಲಿನಂತೆಯೇ 35,000. ಎಂಜಿನು ರಿಪೇರಿಯ ಪಾಲು 32,000. ಸಣ್ಣ ರಿಪೇರಿ 56,000. ಹೆಚ್ಚಿನ ಡೀಸೆಲ್ 36,000. ಕೆಟ್ಟು ನಿಂತ ದಿನಗಳ ನಷ್ಟ 22,000. ಒಟ್ಟು 1,81,000 ರೂಪಾಯಿ. ಹೊಸದಾದರೆ? ಹೆಚ್ಚು ದುಡಿದದ್ದರಿಂದ ಹತ್ತು ವರ್ಷದ ಮೇಲೆ 1,50,000 ಮಾತ್ರ ಬರುತ್ತದೆ ಎನ್ನೋಣ. ಇಳಿತ 53,000, ಬಡ್ಡಿ 41,500, ವಿಮೆ 8,000, ರಿಪೇರಿ 32,000. ಒಟ್ಟು 1,34,500. ಇಲ್ಲಿ ಹೊಸದೇ ವರ್ಷಕ್ಕೆ 46,500 ರೂಪಾಯಿ ಅಗ್ಗ!

ಟ್ರಾಕ್ಟರು ಒಂದೇ, ವಯಸ್ಸು ಒಂದೇ, ಮೆಕ್ಯಾನಿಕ್ಕಿನ ಬಿಲ್ಲೂ ಒಂದೇ. ಒಂದು ಮನೆಗೆ ರಿಪೇರಿ ಸರಿ, ಇನ್ನೊಂದು ಮನೆಗೆ ಬದಲಾವಣೆ ಸರಿ. ವ್ಯತ್ಯಾಸ ಎಲ್ಲಿ ಬಂತು? ದುಡಿಯುವ ಗಂಟೆಯಲ್ಲಿ. ಹೊಸ ಟ್ರಾಕ್ಟರಿನ ಖರ್ಚಿನಲ್ಲಿ ಹೆಚ್ಚಿನ ಪಾಲು ನಿಂತಲ್ಲೇ ಬೀಳುವ ಖರ್ಚು. ಹೊಲಕ್ಕೆ ಹೋದರೂ ಬೀಳುತ್ತದೆ, ನೆರಳಿನಲ್ಲಿ ನಿಂತರೂ ಬೀಳುತ್ತದೆ. ಹಳೆಯದರ ಖರ್ಚಿನಲ್ಲಿ ಹೆಚ್ಚಿನ ಪಾಲು ಓಡಿದಂತೆಲ್ಲಾ ಬೀಳುವ ಖರ್ಚು. ಕಡಮೆ ಓಡುವವರಿಗೆ ಹಳೆಯದು ಲೇಸು, ಹೆಚ್ಚು ಓಡುವವರಿಗೆ ಹೊಸದು ಲೇಸು. ನಮ್ಮ ಈ ಉದಾಹರಣೆಯಲ್ಲಿ ಸುಮಾರು 450 ಗಂಟೆಗೆ ತಕ್ಕಡಿಯ ಎರಡು ತಟ್ಟೆಗಳೂ ಸಮವಾಗುತ್ತವೆ. ನಿಮ್ಮ ಮನೆಯ ಲೆಕ್ಕದಲ್ಲಿ ಅದು ಎಲ್ಲಿ ಸಮವಾಗುತ್ತದೆಂಬುದನ್ನು ನೀವೇ ಕಂಡುಕೊಳ್ಳಬೇಕು.

ಮೂರನೆಯ ದಾರಿಯೊಂದಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಮರ್ಯಾದೆಯ ಪ್ರಶ್ನೆ ಸೇರಿಕೊಂಡಿದೆ. ನಾಲ್ಕೈದು ಎಕರೆಯ ಮನೆಯಲ್ಲಿ ವರ್ಷಕ್ಕೆ 60 ಗಂಟೆ ಮಾತ್ರ ಕೆಲಸವಿದ್ದರೆ ಟ್ರಾಕ್ಟರು ಇಟ್ಟುಕೊಳ್ಳಬೇಕೇ? ಬಾಡಿಗೆ ಗಂಟೆಗೆ 1,000 ರೂಪಾಯಿ ಆದರೆ ವರ್ಷಕ್ಕೆ 60,000. ಸ್ವಂತದ್ದಾಗಿದ್ದರೂ ಡೀಸೆಲ್ಲಿಗೆ, ಡ್ರೈವರಿಗೆ ಸುಮಾರು 25,000 ಕೊಡಲೇಬೇಕಿತ್ತು. ಉಳಿದದ್ದು 35,000. ಆ ಹಳೆಯ ಟ್ರಾಕ್ಟರನ್ನು ಇಟ್ಟುಕೊಂಡರೆ ಇಳಿತ, ಬಡ್ಡಿಯೇ 35,000. ಓಡಿದ ಗಂಟೆಗಳಿಗೆ 9,300 ಸೇರಿ 44,300. ಮಾರಿ ಬಾಡಿಗೆಗೆ ತರಿಸಿಕೊಳ್ಳುವುದೇ ಅಗ್ಗವಾಯಿತು. ನಮ್ಮ ರಾಜ್ಯದಲ್ಲಿ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು 2014-15ರಿಂದ ತೆರೆದಿರುವುದು ಇಂಥವರ ಅನುಕೂಲಕ್ಕೇ. ಆದರೆ ಹದದ ದಿನ ಎಲ್ಲರಿಗೂ ಒಮ್ಮೆಲೇ ಬೇಕಾಗುತ್ತದೆ. ಸರದಿ ಸಿಕ್ಕೀತೇ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಆಮೇಲೆ ಮಾರಿ.

ಹದದ ಮಾತು ಬಂತಲ್ಲ, ಅದನ್ನೂ ನೋಡಿಬಿಡೋಣ. ಟ್ರಾಕ್ಟರು ಬೇಸಿಗೆಯಲ್ಲಿ ಗೊಬ್ಬರ ಹೊಡೆಯುವಾಗ ಎರಡು ದಿನ ಕೆಟ್ಟು ನಿಂತರೆ ಹೋಗುವುದು ಎರಡು ದಿನ ಅಷ್ಟೆ. ರೋಹಿಣಿ ಮಳೆ ಬಿದ್ದು ನೆಲ ಹದವಾದ ದಿನ ಕೆಟ್ಟು ನಿಂತರೆ ಹೋಗುವುದು ಬಿತ್ತನೆಯ ಕಾಲ. ಹದ ಆರಿದ ಮೇಲೆ ಬಿತ್ತಿದ ಬೀಜ ಮೇಲೇಳುವುದು ದೈವಾಧೀನ. ಆದಕಾರಣ ರಿಪೇರಿಗೆ ಕೊಟ್ಟ ಹಣದ ಜೊತೆಗೆ ಯಾವ ದಿನ ಕೆಟ್ಟಿತು ಎಂಬುದನ್ನೂ ಬರೆದಿಡಿ. ಕಳೆದ ಮೂರು ವರ್ಷದಲ್ಲಿ ಬಿತ್ತನೆಯ ವಾರದಲ್ಲೇ ಎರಡು ಸಲ ಕೈಕೊಟ್ಟಿದ್ದರೆ, ಅದೂ ಬೇರೆ ಬೇರೆ ಭಾಗಗಳು ಒಂದಾದ ಮೇಲೊಂದು ಕೆಟ್ಟಿದ್ದರೆ, ಲೆಕ್ಕ ಸ್ವಲ್ಪ ಹಳೆಯದರ ಕಡೆಗೆ ತೂಗಿದರೂ ಅದನ್ನು ಬಿಡುವುದೇ ಮೇಲು.

ಒಂದು ಮಾತನ್ನು ಮನಸ್ಸಿಗೆ ಚೆನ್ನಾಗಿ ತೆಗೆದುಕೊಳ್ಳಿ. "ಹೋದ ವರ್ಷ ಅರವತ್ತು ಸಾವಿರ ಹಾಕಿದ್ದೀನಿ, ಈಗ ಹೇಗೆ ಮಾರಲಿ?" ಎಂದು ಹೇಳುವುದುಂಟು. ಹಾಕಿದ ಹಣ ಹಾಕಿದ್ದಾಯಿತು. ಟ್ರಾಕ್ಟರನ್ನು ಇಟ್ಟುಕೊಂಡರೂ ಅದು ವಾಪಸು ಬರುವುದಿಲ್ಲ, ಮಾರಿದರೂ ಬರುವುದಿಲ್ಲ. ಮಳೆ ಹೋದ ಹೊಲಕ್ಕೆ ಮತ್ತೆ ಬೀಜ ಚೆಲ್ಲುವ ಮುಂಚೆ ನಾವು ಮುಂದಿನ ಮಳೆಯನ್ನು ನೋಡುತ್ತೇವೆಯೇ ಹೊರತು ಹಿಂದಿನ ಬೀಜದ ಬೆಲೆಯನ್ನಲ್ಲ. ಹಾಗೆಯೇ ಇಲ್ಲಿಯೂ ಮುಂದಿನ ಖರ್ಚು ಮಾತ್ರ ಲೆಕ್ಕಕ್ಕೆ ಬರತಕ್ಕದ್ದು. ಈ ಹಳೆಯ ಹಣದ ಮೋಹದಿಂದಲೇ ಒಂದರ ಮೇಲೊಂದು ರಿಪೇರಿ ಸೇರಿ ಮನೆ ಸಾಲಕ್ಕೆ ಬೀಳುತ್ತದೆ.

ಬಿಡಿಭಾಗಗಳ ವಿಷಯವನ್ನೂ ವಿಚಾರಿಸಬೇಕು. ಎಚ್.ಎಂ.ಟಿ. ಟ್ರಾಕ್ಟರು ನಮ್ಮ ಜನಕ್ಕೆ ಗೊತ್ತಿರುವ ಹೆಸರು. ಬೆಂಗಳೂರಿನಲ್ಲಿ ಹುಟ್ಟಿದ ಆ ಸಂಸ್ಥೆ ಹರಿಯಾಣದ ಪಿಂಜೋರಿನಲ್ಲಿ ಟ್ರಾಕ್ಟರು ತಯಾರಿಸುತ್ತಿತ್ತು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಹೀಗೆ ತಯಾರಿಕೆ ನಿಂತುಹೋದ ಟ್ರಾಕ್ಟರು ನಿಮ್ಮ ಬಳಿ ಇದ್ದರೆ, ದೊಡ್ಡ ರಿಪೇರಿಗೆ ಕೈಹಾಕುವ ಮೊದಲು ಎಂಜಿನು, ಗೇರು, ಹೈಡ್ರಾಲಿಕ್ಕಿನ ಮುಖ್ಯ ಭಾಗಗಳು ನಿಮ್ಮ ತಾಲೂಕಿನಲ್ಲೋ ಜಿಲ್ಲೆಯಲ್ಲೋ ಸಿಗುತ್ತವೆಯೇ ಎಂದು ಅಂಗಡಿಯಲ್ಲಿ ಖಚಿತ ಮಾಡಿಕೊಳ್ಳಿ. ಎಂಜಿನು ಬಿಚ್ಚಿ ಹರಡಿದ ಮೇಲೆ ಹುಡುಕಲು ಹೊರಟರೆ ಆಗದು.

ಹೊಸದರಲ್ಲಿಯೂ ಇದೇ ಪ್ರಶ್ನೆ ಇದೆ. 50 ಅಶ್ವಶಕ್ತಿಗಿಂತ ಮೇಲಿನ ಟ್ರಾಕ್ಟರುಗಳಿಗೆ 2023ರ ಜನವರಿ 1ರಿಂದ ಕಟ್ಟುನಿಟ್ಟಾದ ಹೊಗೆ ನಿಯಮ ಬಂದಿದೆ. ಅದಕ್ಕಾಗಿ ಇಂಥ ಅನೇಕ ಟ್ರಾಕ್ಟರುಗಳಲ್ಲಿ ಡೀಸೆಲ್ಲನ್ನು ಎಲೆಕ್ಟ್ರಾನಿಕ್ ಯಂತ್ರ ಅಳೆದು ಕೊಡುತ್ತದೆ. ಹೊಗೆ ಕಡಮೆ. ಆದರೆ ಊರಿನ ಮೆಕ್ಯಾನಿಕ್ಕು ಸ್ಪ್ಯಾನರು ಹಿಡಿದು ಸರಿಮಾಡುವ ಬಗೆಯದಲ್ಲ. ಕಂಪ್ಯೂಟರಿಟ್ಟ ಸರ್ವೀಸಿನವರೇ ಬರಬೇಕು. ಪೀಪಾಯಿಯಲ್ಲಿಟ್ಟ ಡೀಸೆಲ್ಲಿನಲ್ಲಿ ನೀರು, ಧೂಳು ಸೇರಿದ್ದರೆ ಅದರ ಇಂಜೆಕ್ಟರು ಬೇಗ ಕೆಡುತ್ತದೆ. ನಿಮ್ಮ ಕೆಲಸಕ್ಕೆ ಅಷ್ಟು ಶಕ್ತಿ ಬೇಕೇ, ಸರ್ವೀಸು ಎಷ್ಟು ಮೈಲಿ ದೂರ ಎಂಬುದನ್ನು ನೋಡಿಕೊಂಡು ಮುಂದುವರಿಯಿರಿ. ಮಧ್ಯಪ್ರದೇಶದ ಬುಧ್ನಿಯಲ್ಲಿ 1955ರಿಂದ ಇರುವ ಕೇಂದ್ರ ಸಂಸ್ಥೆಯಲ್ಲಿ ಟ್ರಾಕ್ಟರುಗಳ ಪರೀಕ್ಷೆ ನಡೆಯುತ್ತದೆ; ಅದರ ವರದಿಯಲ್ಲಿ ಶಕ್ತಿ ಎಷ್ಟು, ಡೀಸೆಲ್ ಎಷ್ಟು ಎಂಬುದು ಇರುತ್ತದೆ. ಕೊಳ್ಳುವಾಗ ಆ ವರದಿಯನ್ನು ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಬೆಲೆಯಲ್ಲಿಯೂ ಬದಲಾವಣೆ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ಬೇಸಾಯದ ಟ್ರಾಕ್ಟರಿನ ಮೇಲಿನ ಜಿ.ಎಸ್.ಟಿ. ತೆರಿಗೆ ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಹಿಂದಿನ ದೊಡ್ಡ ಟೈರು ಮತ್ತು ಕೆಲವು ಬಿಡಿಭಾಗಗಳ ಮೇಲಿನ ತೆರಿಗೆಯೂ 18ರಿಂದ 5ಕ್ಕೆ ಇಳಿಯಿತು. ಹೊಸದು ಅಗ್ಗವಾದಾಗ ಹಳೆಯದರ ಮಾರುಬೆಲೆಯೂ ತಗ್ಗುತ್ತದೆ. ರಿಪೇರಿಯ ಖರ್ಚೂ ತಗ್ಗುತ್ತದೆ. ಅದಕ್ಕೇ ಎರಡು ವರ್ಷದ ಹಿಂದಿನ ದರಪಟ್ಟಿ ಹಿಡಿದು ಲೆಕ್ಕ ಹಾಕಬೇಡಿ.

ಇಲ್ಲಿಯವರೆಗೆ ಹಣದ ಮಾತಾಯಿತು. ಹಣದ ಲೆಕ್ಕಕ್ಕೆ ಒಳಪಡದ ಒಂದು ವಿಷಯವಿದೆ. ಅದು ಜೀವದ ಮಾತು. ಬ್ರೇಕು, ಸ್ಟಿಯರಿಂಗು, ಮುಂದಿನ ಅಚ್ಚು, ಟ್ರೇಲರು ಕೂಡಿಸುವ ಕೊಂಡಿ ಇವು ನಾಲ್ಕರಲ್ಲಿ ದೋಷವಿದ್ದರೆ "ಈ ಸುಗ್ಗಿ ಒಂದು ಕಳೀಲಿ" ಎನ್ನಬಾರದು. ಸರಿಮಾಡಿಸುವವರೆಗೆ ಟ್ರಾಕ್ಟರು ರಸ್ತೆಗೆ ಇಳಿಯಕೂಡದು. ಎಡ ಬಲದ ಬ್ರೇಕು ಪೆಡಲುಗಳನ್ನು ಹೊಲದಲ್ಲಿ ಬಿಡಿಸಿಕೊಂಡಿರಬಹುದು. ರಸ್ತೆಗೆ ಬಂದ ಕೂಡಲೇ ಕೂಡಿಸಿ ಕೊಂಡಿ ಹಾಕಲೇಬೇಕು. ಒಂದೇ ಕಡೆಯ ಬ್ರೇಕು ಹಿಡಿದರೆ ಟ್ರಾಕ್ಟರು ಪಕ್ಕಕ್ಕೆ ಎಳೆದು ಮಗುಚುತ್ತದೆ. ಹಿಂದೆ ತಿರುಗುವ ಪಿ.ಟಿ.ಓ. ದಂಡಕ್ಕೆ ಮುಚ್ಚಳವಿಲ್ಲದಿದ್ದರೆ ಹಾಕಿಸಿ. ಸೀರೆಯ ಸೆರಗು, ಪಂಚೆಯ ಚುಂಗು ಅದಕ್ಕೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಇವನ್ನು ಸರಿಮಾಡಿಸಲಾಗದಷ್ಟು ಟ್ರಾಕ್ಟರು ಸವೆದಿದ್ದರೆ ಬೇರೆ ಲೆಕ್ಕವೇ ಬೇಡ. ಅದರ ಕಾಲ ಮುಗಿಯಿತು.

ಬದಲಾಯಿಸುವುದೆಂದು ತೀರ್ಮಾನಿಸಿದಿರಿ ಎನ್ನೋಣ. ಮಾರುವಾಗ ಕೈಗೆ ಹಣ ಬಂತೆಂದು ಕೀಲಿ ಕೊಟ್ಟು ಕಳಿಸಿಬಿಡಬೇಡಿ. ನೋಂದಣಿ ಪುಸ್ತಕದಲ್ಲಿ ಹೆಸರು ಬದಲಾಗದೆ ಇದ್ದರೆ, ಕೊಂಡವನು ಅಪಘಾತ ಮಾಡಿದರೂ ಪರಿಹಾರದ ಹೊಣೆ ನಿಮ್ಮ ತಲೆಗೇ ಬರಬಹುದು. ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳಿವೆ. ಹಳೆಯ ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಪುಸ್ತಕದಲ್ಲಿ ಉಳಿದಿದ್ದರೆ 35ನೆಯ ನಮೂನೆ ಕೊಟ್ಟು ತೆಗೆಸಬೇಕು. ಸಾರಿಗೆ ಕಛೇರಿಗೆ ಒಂದು ದಿನ ಹೋದರೂ ಸರಿ, ಈ ಕೆಲಸ ಮುಗಿಸಿಕೊಂಡೇ ಬನ್ನಿ.

ಸಾಲ ತೆಗೆಯುವಾಗ ಕಂತನ್ನು ಒಳ್ಳೆಯ ಬೆಳೆ ಬಂದ ವರ್ಷದ ವರಮಾನಕ್ಕೆ ಹೊಂದಿಸಬೇಡಿ. ಮಳೆ ಅರ್ಧ ಕೈಕೊಟ್ಟ ವರ್ಷದ ವರಮಾನಕ್ಕೆ ಹೊಂದಿಸಿ. ಆ ವರ್ಷದಲ್ಲೂ ಮನೆಯ ಊಟ, ಮಕ್ಕಳ ಓದು ನಿಲ್ಲದೆ ಕಂತು ಕಟ್ಟಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಲೆಕ್ಕ ಹೊಸದರ ಕಡೆ ತೂಗಿದರೂ ಒಂದೆರಡು ವರ್ಷ ತಡೆಯುವುದು ಜಾಣತನ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಈ ಲೆಕ್ಕಕ್ಕೆ ಮನೆಯ ಹೆಂಗಸರನ್ನೂ ಕೂರಿಸಿಕೊಳ್ಳಿ. ಬರಗಾಲದ ವರ್ಷ ಒಲೆ ಹೊತ್ತಿಸಿದವರು ಅವರು. ಕಂತಿನ ಭಾರ ಎಷ್ಟೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದರೆ ಅರೆಮನಸ್ಸಿನಿಂದ ಇಟ್ಟುಕೊಳ್ಳಬೇಡಿ. "ಹೇಗೂ ಹಳೇದು" ಎಂದು ಆಯಿಲ್ ಬದಲಾಯಿಸದೆ ಬಿಟ್ಟರೆ ಮೇಲೆ ಹಾಕಿದ ಲೆಕ್ಕವೆಲ್ಲಾ ಸುಳ್ಳಾಗುತ್ತದೆ. ಧೂಳಿನಲ್ಲಿ ದುಡಿಯುವ ದಿನಗಳಲ್ಲಿ ಗಾಳಿಶೋಧಕವನ್ನು ದಿನವೂ ನೋಡಿ. ಕಂಪನಿಯ ಪುಸ್ತಕದಲ್ಲಿ ಹೇಳಿದ ಗಂಟೆಗೆ ಆಯಿಲ್, ಫಿಲ್ಟರು ಬದಲಾಯಿಸಿ. ದೊಡ್ಡ ರಿಪೇರಿಯನ್ನು ಬೇಸಿಗೆಯಲ್ಲೇ ಮುಗಿಸಿ. ಮಳೆ ನಕ್ಷತ್ರ ಹುಟ್ಟಿದ ಮೇಲೆ ಮೆಕ್ಯಾನಿಕ್ಕಿನ ಬಾಗಿಲಲ್ಲಿ ಸಾಲು ನಿಲ್ಲಬೇಡಿ. ಒಂದು ನೂರು ಪುಟದ ನೋಟುಪುಸ್ತಕವನ್ನು ಟ್ರಾಕ್ಟರಿಗೇ ಎಂದು ಮೀಸಲಿಡಿ. ತಾರೀಖು, ಮೀಟರಿನ ಗಂಟೆ, ಹಾಕಿದ ಡೀಸೆಲ್, ಮಾಡಿಸಿದ ರಿಪೇರಿ, ಕೊಟ್ಟ ಹಣ, ನಿಂತ ದಿನ ಇವಿಷ್ಟನ್ನು ಬರೆಯಿರಿ. ಇದಕ್ಕೆ ದಿನಕ್ಕೆ ಎರಡು ನಿಮಿಷ ಸಾಕು. ಮುಂದಿನ ವರ್ಷ ಸುಗ್ಗಿಯ ನಂತರ ಇದೇ ಚರ್ಚೆ ಮತ್ತೆ ಏಳುತ್ತದೆ. ಆಗ ಮಗನ ಆಸೆ, ತಂದೆಯ ಮಮತೆ, ಅಂಗಡಿಯವರ ಮಾತು ಎಲ್ಲವನ್ನೂ ಕೇಳಿ, ಆ ಪುಸ್ತಕವನ್ನು ತೆರೆದು ಕೂಡಿಸಿ ಕಳೆದು ನೋಡಿ ತೀರ್ಮಾನ ಮಾಡಿ.

ನಿಮ್ಮ ಲೆಕ್ಕದಲ್ಲಿ ಎಲ್ಲಾದರೂ ತೊಡಕು ಬಂದರೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಪುಸ್ತಕದ ಸಮೇತ ಬನ್ನಿ. ಕೂತು ನೋಡೋಣ.